ಮ್ಯಾಂಡರ್ಲೆಯ ಒಡತಿ... ಬಾಡಿಗೆದಾರಳು!

ಕಾಡಿನ ನಡುವೆ, ಕಡಲಿನ ಪಕ್ಕ ಒಂದು ಹಳೇ ಬಂಗಲೆ. ಅದನ್ನು ಕಂಡು ಮನಸೋತಳು ಒಬ್ಬ ಹುಡುಗಿ. ಅವಳು ಬರೆದ ಕಥೆಯಿಂದ ಹಿಚ್‌ಕಾಕ್‌ನ ಚಿತ್ರಕ್ಕೆ ಆಸ್ಕರ್ ಸಿಕ್ಕಿತು. ನಿರ್ಮಾಪಕನಿಗೆ ಹೆಸರು ಸಿಕ್ಕಿತು. ಅವಳಿಗೆ ಸಿಕ್ಕಿದ್ದು? ಒಂದು ಬಾಡಿಗೆ ಕರಾರುಪತ್ರ!

ಸಿನಿಮಾ ಬಂಗಲೆ ಅಂದರೆ ಹೇಗಿರುತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ಹನ್ನೆರಡು ಗಂಟೆ. ಹೊರಗೆ ಗುಡುಗು, ಮಳೆ. ಒಳಗೆ ಸುತ್ತಿ ಇಳಿಯುವ ದೊಡ್ಡ ಮೆಟ್ಟಿಲು. ಗೋಡೆಯ ಮೇಲೆ ತೀರಿಹೋದವರ ಆಳೆತ್ತರದ ಪಟ. ಮದುವೆಯಾಗಿ ಆಗತಾನೇ ಬಂದ ನಾಯಕಿ. ನಗುವನ್ನೇ ಮರೆತ ಕೆಲಸದಾಕೆ. ಮನೆಯ ಒಂದು ಕೋಣೆಗೆ ಮಾತ್ರ ಬೀಗ! ಯಾಕೆ ಅಂತ ಕೇಳಿದರೆ ಯಾರೂ ಬಾಯಿ ಬಿಡೋದಿಲ್ಲ... ಭಾಷೆ ಯಾವುದಾದರೂ ಸರಿ, ಈ ಬಂಗಲೆಯನ್ನು ನೀವು ಒಂದಲ್ಲ ಒಂದು ಟೆಂಟಿನಲ್ಲಿ, ಟಾಕೀಸಿನಲ್ಲಿ ನೋಡಿಯೇ ಇರುತ್ತೀರಿ.

ಇಂಥ ಎಷ್ಟೋ ಬಂಗಲೆಗಳಿಗೆ ಹಿರಿಯಕ್ಕನ ಹಾಗೆ ಇರುವವಳು ಒಬ್ಬಳು. ಅವಳ ಹೆಸರು ಮ್ಯಾಂಡರ್ಲೆ. 1940ರಲ್ಲಿ ತೆರೆಗೆ ಬಂದ 'ರೆಬೆಕಾ' ಚಿತ್ರದ ಬಂಗಲೆ. ಆಲ್‌ಫ್ರೆಡ್ ಹಿಚ್‌ಕಾಕ್ ಅಮೆರಿಕಕ್ಕೆ ಹೋಗಿ ಮಾಡಿದ ಮೊದಲನೇ ಚಿತ್ರ ಅದು. ಲಾರೆನ್ಸ್ ಒಲಿವಿಯರ್ ನಾಯಕ, ಜೋನ್ ಫಾಂಟೇನ್ ನಾಯಕಿ. ನಮ್ಮವರೇನೂ ಸುಮ್ಮನೆ ಕೂರಲಿಲ್ಲ! 1964ರಲ್ಲಿ ಹಿಂದಿಯಲ್ಲಿ 'ಕೊಹ್ರಾ' ಬಂತಲ್ಲ, ಅದರ ಬೇರು ಇದೇ ಕಥೆಯಲ್ಲಿದೆ. ನಿರ್ದೇಶನ ಬಿರೇನ್ ನಾಗ್. ಗಾಯಕ ಹೇಮಂತ್ ಕುಮಾರ್ ತಾವೇ ಹಣ ಹಾಕಿ, ತಾವೇ ಸಂಗೀತ ಕೊಟ್ಟರು. ಹೆದರಿ ಹೆದರಿ ಕಣ್ಣರಳಿಸುವ ಹೊಸ ಮದುಮಗಳು ವಹೀದಾ ರೆಹಮಾನ್. ಗಂಡ ವಿಶ್ವಜಿತ್. ಮನೆ ಕಾಯುವ ಮುದುಕಿಯಾಗಿ ಲಲಿತಾ ಪವಾರ್. ಆಯಮ್ಮ ಒಂದು ಸಲ ತಿರುಗಿ ನೋಡಿದರೆ ಸಾಕು, ಬಾಲ್ಕನಿಯವರಿಗೂ ಬೆನ್ನಲ್ಲಿ ಚಳಿ!

ಈ ಮ್ಯಾಂಡರ್ಲೆ ಬರೀ ಸೆಟ್ಟಾ, ಅಥವಾ ನಿಜವಾಗಿ ಎಲ್ಲಾದರೂ ಇದೆಯಾ?

ಇದೆ. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ. ಅಲ್ಲಿ ಸಮುದ್ರದ ದಂಡೆಯಲ್ಲಿ ಒಂದು ಸಣ್ಣ ಬಂದರು ಪಟ್ಟಣ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ 'ಫೋವೆ' ಅನ್ನಬೇಕು ಅನ್ನಿಸುತ್ತೆ, ಊರಿನವರು ಕರೆಯೋದು 'ಫಾಯ್' ಅಂತ. ಆ ಊರಿನ ಪಶ್ಚಿಮಕ್ಕೆ, ಕಾಡಿನ ಮರೆಯಲ್ಲಿ, ಕಡಲಿಗೆ ಕಾಲ್ನಡಿಗೆಯ ದೂರದಲ್ಲಿ 'ಮೆನಬಿಲ್ಲಿ' ಅನ್ನುವ ಮನೆ. ಅದೇ ಮ್ಯಾಂಡರ್ಲೆ. ಆದರೆ ಅದರ ಕಥೆ ಬರೆದವಳು ಆ ಮನೆಯ ಯಜಮಾನಿಯಲ್ಲ. ಅದರಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ ಇದ್ದಳು, ನಿಜ. ಅಷ್ಟೂ ವರ್ಷ ಬಾಡಿಗೆ ಕಟ್ಟಿಕೊಂಡೇ ಇದ್ದಳು!

ಬೇಲಿ ಹಾರಿದ ಹುಡುಗಿ

ಹೆಸರು ಡಾಫ್ನೆ ಡ್ಯು ಮಾರಿಯೆ. ಹುಟ್ಟಿದ್ದು ಲಂಡನ್ನಿನಲ್ಲಿ, 1907ರ ಮೇ 13ರಂದು. ತಂದೆ ಜೆರಾಲ್ಡ್ ಡ್ಯು ಮಾರಿಯೆ ಆ ಕಾಲದ ಹೆಸರಾಂತ ರಂಗನಟ, ನಾಟಕದ ಕಂಪನಿ ನಡೆಸಿದವರು. ತಾತ ಜಾರ್ಜ್ ಬರೆದ 'ಟ್ರಿಲ್ಬಿ' ಕಾದಂಬರಿ 1894ರಲ್ಲಿ ಮನೆಮಾತಾಗಿತ್ತು. ಹಾಗಾಗಿ ಬಣ್ಣವೂ ಮಸಿಯೂ ರಕ್ತದಲ್ಲೇ ಬಂದಿತ್ತು ಅನ್ನಿ.

1926ರಲ್ಲಿ ಈ ಕುಟುಂಬ ಫಾಯ್ ಊರಿನ ಎದುರು ದಡದಲ್ಲಿ, ದೋಣಿ ಕಟ್ಟುವ ಜಾಗಕ್ಕೆ ಅಂಟಿಕೊಂಡಂತಿದ್ದ ಮನೆಯೊಂದನ್ನು ರಜೆಗೆಂದು ಕೊಂಡುಕೊಂಡಿತು. ಲಂಡನ್ನಿನ ಪಾರ್ಟಿಗಳು, ಅಪ್ಪನ ಸ್ನೇಹಿತರ ಹರಟೆ, ಇದೆಲ್ಲ ಡಾಫ್ನೆಗೆ ಬೇಸರ. ದೋಣಿ, ನಾಯಿ, ಕಾಡು ಸಿಕ್ಕರೆ ಊಟ ಬೇಡ! ಹೀಗೆ ಅಲೆಯುವಾಗ ಕಿವಿಗೆ ಬಿದ್ದದ್ದು ಮೆನಬಿಲ್ಲಿಯ ಹೆಸರು. ಅದು ರಾಶ್ಲೀ ವಂಶದವರ ಮನೆ. ಫಾಯ್ ಬಂದರಿನಲ್ಲಿ ಹಡಗಿನ ವ್ಯಾಪಾರ ಮಾಡಿ ಬೆಳೆದ ಕುಳಗಳು. ಹದಿನಾರನೇ ಶತಮಾನದ ಕೊನೆಗೆ ಕಟ್ಟೋದಕ್ಕೆ ಶುರು ಮಾಡಿ, ಮುಂದಿನ ಶತಮಾನದಲ್ಲಿ ಮುಗಿಸಿದ ಮನೆ. ಆಮೇಲೆ ಬಂದ ತಲೆಮಾರುಗಳು ಒಡೆದು, ಕೂಡಿಸಿ, ಬದಲಾಯಿಸಿದ್ದವು. 1644ರ ಅಂತರ್ಯುದ್ಧದಲ್ಲಿ ರಾಜನ ಪಕ್ಷ ವಹಿಸಿದ್ದಕ್ಕೆ ಪಾರ್ಲಿಮೆಂಟಿನ ಸೈನಿಕರು ಬಂದು ಇದನ್ನು ಲೂಟಿ ಮಾಡಿದ್ದೂ ಉಂಟು.

1920ರ ದಶಕದ ಕೊನೆಗೆ ಈ ಮನೆಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಬೇರೆ ಊರಿನಲ್ಲಿ. ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಗೋಡೆಯ ಮೇಲೆಲ್ಲ ಐವಿ ಬಳ್ಳಿ ಹಬ್ಬಿ, ಮನೆ ನಿದ್ದೆ ಹೋಗಿತ್ತು.

ಒಂದು ದಿನ ಡಾಫ್ನೆ ಅಕ್ಕ ಏಂಜೆಲಾಳನ್ನು ಕಟ್ಟಿಕೊಂಡು ಹೊರಟಳು. ಗೇಟಿನಿಂದ ಮನೆಗೆ ಹೋಗುವ ಹಳೆಯ ಗಾಡಿದಾರಿ ಕಾಡಿನೊಳಗೆ ಸುತ್ತಿ ಸುತ್ತಿ ಹೋಗುತ್ತೆ. ಎಷ್ಟು ನಡೆದರೂ ಮನೆ ಕಾಣೋದಿಲ್ಲ! ಮರಗಳು ಒತ್ತೊತ್ತಿ ಬಂದವು. ಕತ್ತಲಾಯಿತು. ಅಕ್ಕತಂಗಿಯರು ದಾರಿ ತಪ್ಪಿ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್. ಡಾಫ್ನೆ ಬಿಡಬೇಕಲ್ಲ? ಬೇರೆ ದಿಕ್ಕಿನಿಂದ ಮತ್ತೆ ಹೋದಳು. ಈ ಸಲ ಮರಗಳು ಸರಿದವು, ಹುಲ್ಲುಹಾಸು ತೆರೆಯಿತು, ಮನೆ ಎದುರಿಗೆ ನಿಂತಿತ್ತು. ಸದ್ದಿಲ್ಲ, ಹೊಗೆಯಿಲ್ಲ, ನಾಯಿ ಬೊಗಳೋದಿಲ್ಲ.

ಹುಡುಗಿಯರು ಹೀರೋಗಳನ್ನು ನೋಡಿ ಮನಸೋಲುವ ವಯಸ್ಸು ಅದು. ಈಕೆ ಸೋತದ್ದು ಕಲ್ಲಿನ ಗೋಡೆಗೆ! ಆಮೇಲೆ ಯಜಮಾನರ ಅನುಮತಿ ಪಡೆದೇ ತೋಟದಲ್ಲಿ ಓಡಾಡತೊಡಗಿದಳು. ಮನೆಯೊಳಗೆ ಇಣುಕಿ ನೋಡಿದಳು. 'ಮೀನಾ' ಅಂತ ನಾವು ಮಗಳನ್ನು ಕರೆಯುವ ಹಾಗೆ ಆ ಮನೆಗೆ 'ಮೆನಾ' ಅಂತ ಮುದ್ದಿನ ಹೆಸರಿಟ್ಟಳು.

ಸೆಕೆಯ ಊರಿನಲ್ಲಿ ಕುಳಿತು...

1931ರಲ್ಲಿ ಡಾಫ್ನೆಯ ಮೊದಲ ಕಾದಂಬರಿ ಬಂತು. ಅದನ್ನು ಓದಿದ ಒಬ್ಬ ಮಿಲಿಟರಿ ಅಧಿಕಾರಿ, ಬರೆದವಳು ಎಂಥವಳು ನೋಡಿಯೇಬಿಡೋಣ ಅಂತ ಸ್ವಂತ ದೋಣಿ ನಡೆಸಿಕೊಂಡು ಫಾಯ್‌ಗೆ ಬಂದ! ಹೆಸರು ಫ್ರೆಡೆರಿಕ್ ಬ್ರೌನಿಂಗ್. 1932ರಲ್ಲಿ ಇಬ್ಬರಿಗೂ ಮದುವೆ. ಸಿನಿಮಾಕ್ಕೆ ಬರೆದರೆ 'ಅತಿಯಾಯಿತು ಕಣಯ್ಯ' ಅಂತ ನಿರ್ಮಾಪಕರು ಬೈತಾರೆ. ಇದು ನಡೆದ ಕಥೆ.

ಮಿಲಿಟರಿಯವನನ್ನು ಕಟ್ಟಿಕೊಂಡ ಮೇಲೆ ಗೊತ್ತಲ್ಲ, ಅವನಿಗೆ ವರ್ಗವಾದ ಕಡೆಗೆ ಹೋಗಬೇಕು. ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋದಳು. ಅಲ್ಲಿ ಸೆಕೆ, ಮರಳು, ಅಧಿಕಾರಿಗಳ ಹೆಂಡಿರ ಟೀ ಪಾರ್ಟಿ. ನಾಚಿಕೆ ಸ್ವಭಾವದ ಈಕೆಗೆ ಆತಿಥ್ಯ ಮಾಡೋದು ಅಂದರೆ ಪ್ರಾಣಸಂಕಟ. ಜೊತೆಗೆ ಇನ್ನೊಂದು ಮುಳ್ಳು. ಗಂಡನಿಗೆ ಹಿಂದೆ ಒಬ್ಬಾಕೆಯ ಜೊತೆ ಮದುವೆ ನಿಶ್ಚಯವಾಗಿ ಮುರಿದಿತ್ತು. ಅವಳ ಹಳೆಯ ಪತ್ರಗಳು ಡಾಫ್ನೆಯ ಕಣ್ಣಿಗೆ ಬಿದ್ದಿದ್ದವು. ಚೆಂದದ ಅಕ್ಷರ, ಧೈರ್ಯದ ಸಹಿ... 'ಅವಳು ನನಗಿಂತ ಸೊಗಸುಗಾತಿಯಾಗಿದ್ದಳೇನೋ' ಅನ್ನುವ ಹುಳ ಒಮ್ಮೆ ಹೊಕ್ಕರೆ ಸುಮ್ಮನೆ ಬಿಡುತ್ತಾ?

ಊರಿನ ಮಳೆ, ಕಾಡು, ಕಡಲು ನೆನೆಸಿಕೊಂಡು ಆ ಸೆಕೆಯಲ್ಲೇ 'ರೆಬೆಕಾ' ಬರೆಯೋದಕ್ಕೆ ಕೂತಳು. ಇಂಗ್ಲೆಂಡಿಗೆ ಬಂದು ಮುಗಿಸಿದಳು. ಪ್ರಕಟವಾದದ್ದು 1938ರಲ್ಲಿ. ಅಸೂಯೆಯನ್ನು ಅಲೆಕ್ಸಾಂಡ್ರಿಯಾದಿಂದ ತಂದಳು. ಕಾಡಿನ ದಾರಿ, ಕಡಲ ಕೊಲ್ಲಿ ಮೆನಬಿಲ್ಲಿಯವು. ಮನೆಯೊಳಗಿನ ವೈಭವಕ್ಕೆ ಚಿಕ್ಕಂದಿನಲ್ಲಿ ನೋಡಿದ್ದ ಮಿಲ್ಟನ್ ಹಾಲ್ ಅನ್ನುವ ಇನ್ನೊಂದು ದೊಡ್ಡ ಬಂಗಲೆಯನ್ನು ಬಳಸಿಕೊಂಡಳು. ಅಲ್ಲಿನ ಕಪ್ಪುಡುಗೆಯ ಮನೆವಾರ್ತೆಯಾಕೆಯ ನೆನಪೂ ಬೇರೆ ಬಣ್ಣ ಪಡೆದು ಮಿಸೆಸ್ ಡ್ಯಾನ್ವರ್ಸ್ ಆಯಿತು. ಮೆನಬಿಲ್ಲಿ ಹತ್ತಿರದ ಪುಟ್ಟ ಕೊಲ್ಲಿಯಲ್ಲಿ 1930ರಲ್ಲಿ ಒಂದು ಹಡಗು ಬಂಡೆಗೆ ಬಡಿದು ಒಡೆದಿತ್ತು. ಕಥೆಯಲ್ಲಿ ಮುಳುಗಿದ ದೋಣಿಯ ಗುಟ್ಟು ಹೊರಬೀಳೋದೂ ಒಂದು ಹಡಗು ಹೀಗೆ ಸಿಕ್ಕಿಕೊಂಡಾಗಲೇ!

ಕಥೆಯ ಮರ್ಮ ಇಲ್ಲಿದೆ. ('ರೆಬೆಕಾ' ನೋಡದವರು, ನೋಡಬೇಕು ಅಂತಿರುವವರು ಈ ಪ್ಯಾರಾ ಬಿಟ್ಟು ಮುಂದೆ ಓದಿ!) ಮೊದಲ ಹೆಂಡತಿ ರೆಬೆಕಾ ಸತ್ತಿದ್ದಾಳೆ, ಅವಳ ಹೆಸರು ಮನೆಯ ತುಂಬಾ ಇದೆ. ಎರಡನೇ ಹೆಂಡತಿ ಬದುಕಿದ್ದಾಳೆ, ಅವಳಿಗೆ ಕಾದಂಬರಿಯ ಕೊನೆಯವರೆಗೂ ಹೆಸರೇ ಇಲ್ಲ! ಗಂಡ ರೆಬೆಕಾಳನ್ನು ಕೊಂದದ್ದು ಯಾಕೆ? ಬೇರೆಯವನ ಮಗು ಮ್ಯಾಂಡರ್ಲೆಗೆ ವಾರಸುದಾರ ಆಗುತ್ತೆ ಅಂತ ಅವಳು ಹಂಗಿಸಿದ್ದಕ್ಕೆ. ಅಂದರೆ ಕೊಲೆ ನಡೆದದ್ದು ಹೆಣ್ಣಿಗಿಂತ ಹೆಚ್ಚಾಗಿ ಮನೆಗಾಗಿ. ಆಸ್ತಿಗಾಗಿ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತೋದನ್ನು ನೋಡಿರುವ ನಮಗೆ ಇದು ಹೊಸದೇನಲ್ಲ. ಕೊನೆಗೆ ಏನಾಯಿತು? ಯಾರ ಕೈಗೂ ದಕ್ಕದ ಹಾಗೆ ಮನೆಯೇ ಸುಟ್ಟು ಬೂದಿ.

ಆಟಿಕೆ ಬಂಗಲೆಗೆ ಆಸ್ಕರ್!

ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ 50,000 ಡಾಲರ್ ಕೊಟ್ಟು 'ರೆಬೆಕಾ'ದ ಹಕ್ಕು ಕೊಂಡ. ಆಗ ಆತ 'ಗಾನ್ ವಿತ್ ದಿ ವಿಂಡ್' ತಯಾರಿಯಲ್ಲಿ ಮುಳುಗಿದ್ದ ಕಾಲ. ಹಿಚ್‌ಕಾಕ್ ಅದಕ್ಕೆ ಮುಂಚೆಯೇ ಡಾಫ್ನೆಯ 'ಜಮೈಕಾ ಇನ್' ಕಾದಂಬರಿಯನ್ನು ಚಿತ್ರ ಮಾಡಿದ್ದ. 1939ರ ಆ ಚಿತ್ರ ಡಾಫ್ನೆಗೆ ಹಿಡಿಸಿರಲಿಲ್ಲ. 'ರೆಬೆಕಾ'ದ ಗತಿ ಏನೋ ಅಂತ ಹೆದರಿಕೆ. ಆದರೆ ಸೆಲ್ಜ್‌ನಿಕ್ ಹಟವಾದಿ. ಲಕ್ಷಾಂತರ ಜನ ಓದಿದ ಕಥೆ, ಮುಟ್ಟಬೇಡ ಅಂತ ಹಿಚ್‌ಕಾಕ್‌ಗೆ ತಾಕೀತು ಮಾಡಿದ. ಒಂದನ್ನು ಮಾತ್ರ ಮುಟ್ಟಲೇಬೇಕಾಯಿತು. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಪಾರಾಗಬಾರದು ಅನ್ನೋದು ಆಗಿನ ಹಾಲಿವುಡ್ ಸೆನ್ಸಾರ್ ನಿಯಮ. ಹಾಗಾಗಿ ಚಿತ್ರದಲ್ಲಿ ಕೊಲೆ ಹೋಗಿ ಆಕಸ್ಮಿಕ ಬಂತು.

1939ರ ಸೆಪ್ಟೆಂಬರಿನಲ್ಲಿ ಶೂಟಿಂಗ್ ಶುರು. ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡದ್ದೂ ಅದೇ ತಿಂಗಳು. ಇಂಗ್ಲೆಂಡಿಗೆ ಹೋಗಿ ಚಿತ್ರೀಕರಿಸುವ ಮಾತೇ ಇಲ್ಲ. ಕಾರ್ನ್‌ವಾಲಿನ ಕಥೆಗೆ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮೆರಾ! ನೀವು ಪರದೆಯ ಮೇಲೆ ದೂರದಿಂದ ನೋಡಿ 'ಅಬ್ಬಾ' ಅಂದಿರಲ್ಲ ಆ ಭವ್ಯ ಬಂಗಲೆ, ಅದು ಸ್ಟುಡಿಯೋದಲ್ಲಿ ಮಾಡಿದ ಮಿನಿಯೇಚರ್ ಮಾಡಲ್. ಮಕ್ಕಳು ಮನೆ ಕಟ್ಟಿ ಆಡುತ್ತಾರಲ್ಲ, ಅದೇ ಜಾತಿ, ಸ್ವಲ್ಪ ದೊಡ್ಡದು.

ಸೆಟ್ಟಿನಲ್ಲಿ ಇನ್ನೊಂದು ನಾಟಕ. ಒಲಿವಿಯರ್‌ಗೆ ತನ್ನ ಪ್ರೇಯಸಿ ವಿವಿಯನ್ ಲೀ ನಾಯಕಿಯಾಗಲಿ ಅಂತ ಆಸೆ. ಅದು ಕೈಗೂಡದೆ ಜೋನ್ ಫಾಂಟೇನ್ ಜೊತೆ ಬಿಗುಮಾನ. ಹಿಚ್‌ಕಾಕ್ ಚಾಣಾಕ್ಷ! ಇದನ್ನೇ ಬಳಸಿಕೊಂಡ. 'ಇಲ್ಲಿ ಯಾರಿಗೂ ನಿನ್ನ ಕಂಡರಾಗೋದಿಲ್ಲ' ಅನ್ನುವ ಭಾವನೆಯನ್ನು ಹುಡುಗಿಯ ತಲೆಯಲ್ಲಿ ತುಂಬಿದ ಅಂತ ಚಿತ್ರರಂಗದ ಚರಿತ್ರೆ ಬರೆದವರು ಹೇಳುತ್ತಾರೆ. ಪರದೆಯ ಮೇಲೆ ನಾಯಕಿ ನಡುಗುತ್ತಿದ್ದರೆ ಅದರಲ್ಲಿ ಅರ್ಧ ಅಭಿನಯ, ಅರ್ಧ ನಿಜ. ಮಿಸೆಸ್ ಡ್ಯಾನ್ವರ್ಸ್ ಆದ ಜುಡಿತ್ ಆಂಡರ್ಸನ್ ನಡೆದು ಬರೋದನ್ನು ಹಿಚ್‌ಕಾಕ್ ಹೆಚ್ಚಾಗಿ ತೋರಿಸೋದೇ ಇಲ್ಲ. ನಾಯಕಿ ತಿರುಗಿದರೆ ಆಕೆ ಅಲ್ಲಿ ನಿಂತಿರುತ್ತಾಳೆ, ಅಷ್ಟೇ!

ಹನ್ನೊಂದು ಆಸ್ಕರ್ ನಾಮಕರಣ. ಗೆದ್ದದ್ದು ಎರಡು. ಶ್ರೇಷ್ಠ ಚಿತ್ರ, ಮತ್ತೆ ಕಪ್ಪುಬಿಳುಪಿನ ಶ್ರೇಷ್ಠ ಛಾಯಾಗ್ರಹಣ. ಹಿಚ್‌ಕಾಕ್‌ನ ಇಡೀ ಬದುಕಿನಲ್ಲಿ ಶ್ರೇಷ್ಠ ಚಿತ್ರದ ಆಸ್ಕರ್ ಪಡೆದದ್ದು ಇದೊಂದೇ. ಅದೂ ನಿರ್ಮಾಪಕನ ಕೈಗೆ ಹೋಯಿತು, ನಿರ್ದೇಶಕನ ಬಹುಮಾನ ಜಾನ್ ಫೋರ್ಡ್ ಪಾಲಾಯಿತು!

ಕೊನೆಗೂ ಸಿಕ್ಕಿತು... ಇಪ್ಪತ್ತು ವರ್ಷಕ್ಕೆ

ಈಗ ನೋಡಿ ವಿಧಿಯಾಟ. ಲೋಕಕ್ಕೆಲ್ಲ ಮ್ಯಾಂಡರ್ಲೆ ತೋರಿಸಿದವಳು ಆವರೆಗೆ ಮೆನಬಿಲ್ಲಿಯಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ! 1943ರಲ್ಲಿ ಯುದ್ಧದ ನಡುವೆ ಗಂಡ ದೂರ. ಡಾಫ್ನೆ ಮೂರು ಮಕ್ಕಳ ಜೊತೆ ಫಾಯ್‌ನಲ್ಲಿ ಒಂದು ಸಣ್ಣ ಮನೆಯಲ್ಲಿದ್ದಳು. ಮೆನಬಿಲ್ಲಿ ಪಾಳು ಬೀಳುತ್ತಿದೆ ಅಂತ ಗೊತ್ತಾಯಿತು. ಕೊಂಡುಕೊಳ್ಳೋಣ ಅಂದರೆ ಮಾರುವ ಆಸ್ತಿಯಲ್ಲ, ವಂಶಪಾರಂಪರ್ಯವಾಗಿ ಹೋಗಬೇಕಾದದ್ದು. ಬಾಡಿಗೆಗಾದರೂ ಕೊಡಿ ಅಂತ ಕೇಳಿಸಿದಳು. ಇಪ್ಪತ್ತು ವರ್ಷದ ಲೀಸಿಗೆ ಒಪ್ಪಿದರು. ರಿಪೇರಿ ಖರ್ಚೆಲ್ಲ ಬಾಡಿಗೆದಾರರದ್ದೇ!

ನಮ್ಮ ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನ ಮನೆಗೆ ಸ್ವಂತ ದುಡ್ಡಲ್ಲಿ ಒಂದು ಬಲ್ಬ್ ಹೋಲ್ಡರ್ ಹಾಕಿಸಬೇಕಾದರೂ ನಾವು ಹತ್ತು ಸಲ ಯೋಚಿಸುತ್ತೇವೆ. 'ನಾಳೆ ಖಾಲಿ ಮಾಡಿ ಅಂದರೆ?' ಮೊಳೆ ಹೊಡೆಯೋದಕ್ಕೂ ಓನರ್ ಅಪ್ಪಣೆ ಬೇಕು. ಇಲ್ಲಿ ಕೇಳಿ. ಸೂರು ಸೋರುತ್ತಿತ್ತು. ಕರೆಂಟಿಲ್ಲ. ಕಿಟಕಿ ಗಾಜು ಒಡೆದಿದ್ದವು. ಗೋಡೆಗೆ ಬೂಷ್ಟು. ಬಾವಲಿ, ಇಲಿಗಳ ಸಂಸಾರ. ಯುದ್ಧಕಾಲ ಬೇರೆ, ಕೂಲಿಯವರೂ ಸಿಕ್ಕೋದಿಲ್ಲ, ಸಾಮಾನೂ ಸಿಕ್ಕೋದಿಲ್ಲ. 'ನಿನಗೆ ಹುಚ್ಚು' ಅಂದವರು ಕಡಿಮೆಯಲ್ಲ. ಪುಸ್ತಕಗಳಿಂದ ಬಂದ ಹಣವನ್ನು ಆಕೆ ಆ ಗೋಡೆಗಳಿಗೆ ಸುರಿದಳು. ಆ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಒಳಗೆ ಬಂದಳು. ಮನೆಯ ಒಂದು ಭಾಗ ಪಾಳಾಗಿಯೇ ಉಳಿಯಿತು. ಉಳಿದದ್ದಕ್ಕೆ ಜೀವ ಬಂತು.

ಗಂಡ ಬ್ರೌನಿಂಗ್ ಆ ಹೊತ್ತಿಗೆ ದೊಡ್ಡ ಸೇನಾನಿ. 1944ರ ಆರ್ನ್‌ಹೆಮ್ ಕಾರ್ಯಾಚರಣೆಯಲ್ಲಿ ಇದ್ದವನು. 1977ರಲ್ಲಿ ರಿಚರ್ಡ್ ಅಟೆನ್‌ಬರೋ ತೆಗೆದ 'ಎ ಬ್ರಿಡ್ಜ್ ಟೂ ಫಾರ್' ಚಿತ್ರದಲ್ಲಿ ಡರ್ಕ್ ಬೊಗಾರ್ಡ್ ಮಾಡಿದ್ದು ಇವನದೇ ಪಾತ್ರ. (ಅದೇ ಅಟೆನ್‌ಬರೋ ಐದು ವರ್ಷದ ನಂತರ ನಮ್ಮ 'ಗಾಂಧಿ' ಕೊಟ್ಟದ್ದು!) ತೀರಿಹೋದ ಗಂಡನನ್ನು ಪರದೆಯ ಮೇಲೆ ಸಣ್ಣವನನ್ನಾಗಿ ತೋರಿಸಿದರು ಅಂತ ಡಾಫ್ನೆಗೆ ತುಂಬಾ ನೋವಾಯಿತು. ಆರ್ನ್‌ಹೆಮ್ ಆದ ಮೇಲೆ ಅವನು ಮೌಂಟ್‌ಬ್ಯಾಟನ್ ಕೈಕೆಳಗೆ ಆಗ್ನೇಯ ಏಷ್ಯಾ ಕಮಾಂಡಿನಲ್ಲಿ ಮುಖ್ಯಾಧಿಕಾರಿಯಾಗಿ ಸಿಲೋನಿನ ಕ್ಯಾಂಡಿಗೆ ಬಂದ. ಯುದ್ಧ ಮುಗಿದರೂ ಲಂಡನ್ನಿನಲ್ಲಿ ಅರಮನೆಯ ಚಾಕರಿ. ವಾರದ ಕೊನೆಗೆ ಮೆನಬಿಲ್ಲಿಗೆ ಬರುತ್ತಿದ್ದ. ವಾರವೆಲ್ಲ ಡಾಫ್ನೆ ಮತ್ತು ಮನೆ. 'ಗಂಡನಿಗಿಂತ ಗೋಡೆಯೇ ಹೆಚ್ಚಾಯಿತಾ?' ಅಂತ ಯಾರಾದರೂ ಕೇಳಿದ್ದರೆ ತಪ್ಪೇನಿಲ್ಲ. ಈ ಪ್ರೀತಿಯ ಬೆಲೆಯನ್ನು ಸಂಸಾರವೂ ಸ್ವಲ್ಪ ಕಟ್ಟಿತು ಅನ್ನೋದನ್ನು ಮುಚ್ಚಿಡಬೇಕಾಗಿಲ್ಲ.

ಮನೆ ಕೊಟ್ಟ ಬಾಡಿಗೆ!

ಬಾಡಿಗೆ ಕಟ್ಟಿದ್ದು ಈಕೆ ಮಾತ್ರ ಅಂದುಕೊಳ್ಳಬೇಡಿ. ಮನೆಯೂ ಈಕೆಗೆ ಕಥೆಗಳ ರೂಪದಲ್ಲಿ ಬಾಡಿಗೆ ಕೊಟ್ಟಿತು. ಹುಲ್ಲುಹಾಸಿನ ಅಂಚಿನಲ್ಲಿ ಒಂದು ಸಣ್ಣ ಮರದ ಗುಡಿಸಲು. ಅದರಲ್ಲಿ ಟೈಪ್‌ರೈಟರ್. ದಿನವೂ ಹೋಗಿ ಕೂರುತ್ತಿದ್ದಳು.

ಒಂದು ಗುಟ್ಟು ಕೇಳಿ. ಹತ್ತೊಂಬತ್ತನೇ ಶತಮಾನದಲ್ಲಿ ಮನೆಯ ರಿಪೇರಿ ಮಾಡುವಾಗ ಗೋಡೆಯೊಂದರ ಹಿಂದೆ ಮುಚ್ಚಿಹೋಗಿದ್ದ ಸಣ್ಣ ಕೋಣೆ ಸಿಕ್ಕಿತಂತೆ. ಒಳಗೆ ಒಂದು ಅಸ್ಥಿಪಂಜರ! ಮೈಮೇಲೆ ರಾಜನ ಪಕ್ಷದ ಸೈನಿಕರು ತೊಡುತ್ತಿದ್ದ ಬಟ್ಟೆಯ ಚೂರು. 1644ರ ಲೂಟಿಯ ಕಾಲದಲ್ಲಿ ಬಚ್ಚಿಟ್ಟುಕೊಂಡವನು ಹೊರಬರಲಾಗದೆ ಸತ್ತನೇ? ಈ ಹೇಳಿಕೆಯನ್ನು ಹಿಡಿದು ಡಾಫ್ನೆ 1946ರಲ್ಲಿ 'ದಿ ಕಿಂಗ್ಸ್ ಜನರಲ್' ಬರೆದಳು. ಇದರಲ್ಲಿ ಮನೆಗೆ ಸುಳ್ಳು ಹೆಸರಿಲ್ಲ. ಮೆನಬಿಲ್ಲಿ ಅಂತಲೇ ಇದೆ.

1951ರಲ್ಲಿ 'ಮೈ ಕಸಿನ್ ರೇಚಲ್'. ಅದರ ಬಂಗಲೆಯ ಹಿಂದೆಯೂ ಮೆನಬಿಲ್ಲಿಯೇ. ಮರುವರ್ಷವೇ ಸಿನಿಮಾ ಆಯಿತು. ನಾಯಕ ರಿಚರ್ಡ್ ಬರ್ಟನ್‌ಗೆ ಅದು ಮೊದಲ ಹಾಲಿವುಡ್ ಚಿತ್ರ. ನಾಯಕಿ ಯಾರು ಗೊತ್ತಾ? ಒಲಿವಿಯಾ ಡಿ ಹ್ಯಾವಿಲೆಂಡ್. 'ರೆಬೆಕಾ'ದ ಜೋನ್ ಫಾಂಟೇನ್‌ಳ ಒಡಹುಟ್ಟಿದ ಅಕ್ಕ! ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳವಾಡಿದ ಅಕ್ಕತಂಗಿಯರು ಒಬ್ಬಳೇ ಲೇಖಕಿಯ ಕಥೆಗಳಲ್ಲಿ ಮೆರೆದರು. ಫಾಂಟೇನ್ 1944ರಲ್ಲಿ ಡಾಫ್ನೆಯದೇ 'ಫ್ರೆಂಚ್‌ಮನ್ಸ್ ಕ್ರೀಕ್' ಚಿತ್ರದಲ್ಲೂ ನಾಯಕಿಯಾಗಿದ್ದಳು.

ಇನ್ನೊಂದು ದಿನ. ಮೆನಬಿಲ್ಲಿ ಪಕ್ಕದ ಹೊಲದಲ್ಲಿ ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದ. ಮಗುಚಿದ ಮಣ್ಣಿನ ಹುಳು ಹೆಕ್ಕೋದಕ್ಕೆ ಕಡಲಹಕ್ಕಿಗಳು ಅವನ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತಿದ್ದವು. ನಾವಾದರೆ ನೋಡಿ ಮುಂದೆ ಹೋಗುತ್ತಿದ್ದೆವು. ಡಾಫ್ನೆ ನಿಂತು ಯೋಚಿಸಿದಳು, 'ಇವು ಅವನ ಮೇಲೇ ಎರಗಿದರೆ?' ಹುಟ್ಟಿತು 1952ರ 'ದಿ ಬರ್ಡ್ಸ್' ಕಥೆ. 1963ರಲ್ಲಿ ಹಿಚ್‌ಕಾಕ್ ಅದನ್ನು ಕ್ಯಾಲಿಫೋರ್ನಿಯಾದ ಬೊಡೇಗಾ ಬೇಗೆ ಕೊಂಡೊಯ್ದ. ಟಿಪ್ಪಿ ಹೆಡ್ರನ್‌ಳ ತಲೆಗೂದಲಿಗೆ ಮುಗಿಬಿದ್ದ ಆ ಹಕ್ಕಿಗಳ ಮೊದಲ ಗೂಡು ಇದೇ ಬಾಡಿಗೆ ಮನೆಯ ಬೇಲಿ!

ಅವಧಿ ಮುಗಿಯಿತು

ಇಪ್ಪತ್ತು ವರ್ಷ ಅಂದರೆ ಕರಾರು ಬರೆಯುವಾಗ ಒಂದು ಯುಗ. ಮುಗಿಯುವಾಗ ನಿನ್ನೆ ಮೊನ್ನೆ. ಗಡುವು ಒಂದಿಷ್ಟು ವರ್ಷ ಮುಂದಕ್ಕೆ ಹೋಯಿತು, ನಿಜ. ಆದರೆ ರಾಶ್ಲೀ ವಂಶದ ವಾರಸುದಾರರಿಗೆ ತಮ್ಮ ಮನೆಯಲ್ಲಿ ತಾವು ಇರಬೇಕು ಅಂತ ಆಸೆ ಇತ್ತು. 1965ರಲ್ಲಿ ಬ್ರೌನಿಂಗ್ ಇದೇ ಮನೆಯಲ್ಲಿ ತೀರಿಹೋದ. 1969ರಲ್ಲಿ ಡಾಫ್ನೆ ಮೆನಬಿಲ್ಲಿಯನ್ನು ಬಿಟ್ಟುಕೊಟ್ಟಳು. ಆಕೆಗೆ 'ಡೇಮ್' ಬಿರುದು ಬಂದದ್ದೂ ಅದೇ ವರ್ಷ. ಒಂದು ಕೈಯಲ್ಲಿ ಬಿರುದು, ಇನ್ನೊಂದು ಕೈಯಲ್ಲಿ ಗಂಟುಮೂಟೆ!

ಇಲ್ಲಿ ಯಾರು ಖಳನಾಯಕ? ಸಿನಿಮಾ ಆಗಿದ್ದರೆ ಮನೆ ಮಾಲೀಕನಿಗೆ ದಪ್ಪ ಮೀಸೆ ಅಂಟಿಸಿ, ಹಿನ್ನೆಲೆಯಲ್ಲಿ ಡೋಲು ಬಾರಿಸಬಹುದಿತ್ತು. ಆದರೆ ಯೋಚನೆ ಮಾಡಿ. ಮುನ್ನೂರೈವತ್ತು ವರ್ಷದಿಂದ ಹಿರಿಯರು ಬಾಳಿದ ಮನೆ ಅವರದು. ಸ್ವಂತ ಮನೆಗೆ ಬರುತ್ತೇವೆ ಅಂದದ್ದು ತಪ್ಪಾ? ಇತ್ತ ಬೀಳುವ ಮನೆಯನ್ನು ಎತ್ತಿ ನಿಲ್ಲಿಸಿದವಳು ಈಕೆ. ಬಿಡಲಾರೆ ಅಂತ ಸಂಕಟಪಟ್ಟದ್ದು ತಪ್ಪಾ? ಕಾಗದ ಒಂದು ಮಾತು ಹೇಳುತ್ತೆ, ಕರುಳು ಇನ್ನೊಂದು ಮಾತು ಹೇಳುತ್ತೆ. ಕೋರ್ಟಿನಲ್ಲಿ ಕಾಗದವೇ ಗೆಲ್ಲೋದು. ಡಾಫ್ನೆಗೂ ಅದು ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಆಕೆ ಸೂರು ಹೊದಿಸಿದಳು, ಗಾಜು ಹಾಕಿಸಿದಳು, ಗಿಡ ಸವರಿಸಿದಳು.

ಹೊಸದಾಗಿ ಹೋದ ಮನೆ ಕಿಲ್ಮಾರ್ತ್. ದೂರವಿಲ್ಲ, ಅದೇ ಎಸ್ಟೇಟಿಗೆ ಸೇರಿದ್ದು. ವಂಶದ ವಿಧವೆಯರಿಗೆಂದು ಮೀಸಲಿಡುವ ಮನೆಯಂತೆ ಅದು. ಈಗ ಆಕೆಯೂ ವಿಧವೆಯೇ. ಅಲ್ಲಿಗೂ ಬಾಡಿಗೆದಾರಳಾಗಿಯೇ ಹೋದಳು. ಆದರೆ ಕೈ ಸುಮ್ಮನಿರಬೇಕಲ್ಲ! ಆ ಮನೆಯ ನೆಲಮಾಳಿಗೆಯಲ್ಲಿ ಹಿಂದೆ ಇದ್ದ ವಿದ್ವಾಂಸರೊಬ್ಬರು ಬಿಟ್ಟುಹೋಗಿದ್ದ ಗಾಜಿನ ಜಾಡಿಗಳು ಕಂಡವು. ಅದರಿಂದ 'ದಿ ಹೌಸ್ ಆನ್ ದಿ ಸ್ಟ್ರ್ಯಾಂಡ್' ಅನ್ನುವ ಕಾದಂಬರಿ ಬಂತು. ಮದ್ದು ಕುಡಿದು ಆರುನೂರು ವರ್ಷ ಹಿಂದಕ್ಕೆ ಹೋಗುವವನ ಕಥೆ. ಕಿಲ್ಮಾರ್ತ್‌ನಲ್ಲೇ 1989ರ ಏಪ್ರಿಲ್ 19ರಂದು ಆಕೆ ತೀರಿಕೊಂಡಳು.

ಈಗ ಹೋದರೆ ಉಳಿಯಬಹುದಾ?

ಕೇಳುತ್ತೀರಿ ಅಂತ ಗೊತ್ತಿತ್ತು. ಮೆನಬಿಲ್ಲಿ ಇವತ್ತಿಗೂ ರಾಶ್ಲೀ ಮನೆತನದ ಖಾಸಗಿ ಮನೆ. ಟಿಕೆಟ್ಟಿಲ್ಲ, ಗೈಡಿಲ್ಲ, ಒಳಗೆ ಬಿಡೋದಿಲ್ಲ. ರಸ್ತೆಯಿಂದ ನೋಡೋಣ ಅಂದರೆ ಮರಗಳು ಅಡ್ಡ. ಆದರೆ ಎಸ್ಟೇಟಿನ ಹಳೆಯ ಕಾಟೇಜುಗಳನ್ನು ರಜೆಗೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆದಾರಳ ಅಭಿಮಾನಿಗಳಿಗೂ ಬಾಡಿಗೆಯೇ ಗತಿ!

ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಕಾರ್ನ್‌ವಾಲ್ ಕಡೆ ಹೋಗುವ ರೈಲು ಹತ್ತಿ 'ಪಾರ್' ಅನ್ನುವಲ್ಲಿ ಇಳಿಯಬೇಕು. ನಾಲ್ಕೂವರೆ ಗಂಟೆಯ ಆಸುಪಾಸು. ಅಲ್ಲಿಂದ ಫಾಯ್‌ಗೆ ಬಸ್ಸು. ಊರ ಮೇಲ್ಭಾಗದಲ್ಲಿ 1899ರಲ್ಲಿ ಕಟ್ಟಿದ ಫಾಯ್ ಹಾಲ್ ಅನ್ನುವ ಬಂಗಲೆ ಹೋಟೆಲಾಗಿದೆ, ಜೇಬು ಗಟ್ಟಿ ಇದ್ದವರು ಅಲ್ಲಿ ಇಳಿಯಬಹುದು. ಇನ್ನೂ ಸಿನಿಮೀಯವಾಗಿ ಬೇಕೆಂದರೆ ಬಾಡ್ಮಿನ್ ಮೂರ್ ಅನ್ನುವ ಬಯಲಿನ ನಡುವೆ ನಿಂತ ಜಮೈಕಾ ಇನ್ ಇದೆ. ಅದೂ ನಿಜವಾದ ಛತ್ರ, 1750ರದ್ದು, ಈಗಲೂ ರೂಮು ಕೊಡುತ್ತಾರೆ. 1930ರಲ್ಲಿ ಡಾಫ್ನೆ ಗೆಳತಿಯ ಜೊತೆ ಅಲ್ಲಿ ಉಳಿದು, ಕುದುರೆ ಸವಾರಿ ಹೋಗಿ, ಮಳೆಗೆ ಸಿಕ್ಕಿ ದಾರಿ ತಪ್ಪಿದಳು. ಲಗಾಮು ಸಡಿಲ ಬಿಟ್ಟಾಗ ಕುದುರೆಗಳೇ ಛತ್ರದ ದಾರಿ ಹಿಡಿದವಂತೆ! ಅದರ ಫಲ 1936ರ ಕಾದಂಬರಿ.

ಫಾಯ್‌ನಿಂದ ಕಡಲ ದಂಡೆಯ ಕಾಲುದಾರಿ ಎಲ್ಲರಿಗೂ ತೆರೆದದ್ದು. ಅದರಲ್ಲಿ ನಡೆದರೆ ಪುಟ್ಟ ಕೊಲ್ಲಿ ಸಿಗುತ್ತೆ. ನಕ್ಷೆಯಲ್ಲಿ 'ಪೋಲ್ರಿಡ್‌ಮೌತ್', ಬಾಯಲ್ಲಿ 'ಪ್ರಿಡ್ಮತ್'. ಮರಳಿನ ಪಕ್ಕದಲ್ಲಿ ಒಂಟಿ ಕಾಟೇಜು. 'ರೆಬೆಕಾ'ದ ದೋಣಿಮನೆ ಇದೇ. ಇಳಿತದ ವೇಳೆಯಲ್ಲಿ 1930ರ ಆ ಹಡಗಿನ ತುಕ್ಕು ಹಿಡಿದ ಅವಶೇಷಗಳು ಕಾಣುತ್ತವೆ. ಮೇಲಿನ ಗುಡ್ಡದ ಮೇಲೆ ಕೆಂಪುಬಿಳಿ ಪಟ್ಟೆಯ 84 ಅಡಿ ಎತ್ತರದ ಗೋಪುರ, ನಾವಿಕರಿಗೆ ಗುರುತಾಗಲಿ ಅಂತ 1832ರಲ್ಲಿ ಕಟ್ಟಿದ್ದು. ಹಿಂದೆ ಕಾಡು, ಮುಂದೆ ಕಡಲು. ಮನೆ ಮಾತ್ರ ಕಣ್ಣಿಗೆ ಬೀಳೋದಿಲ್ಲ.

2020ರಲ್ಲಿ ನೆಟ್‌ಫ್ಲಿಕ್ಸಿನವರು ಹೊಸ 'ರೆಬೆಕಾ' ಮಾಡಿದರು. ಲಿಲಿ ಜೇಮ್ಸ್, ಆರ್ಮಿ ಹ್ಯಾಮರ್ ಜೋಡಿ, ಡ್ಯಾನ್ವರ್ಸ್ ಆಗಿ ಕ್ರಿಸ್ಟಿನ್ ಸ್ಕಾಟ್ ಥಾಮಸ್. ಅವರೂ ಮ್ಯಾಂಡರ್ಲೆಗಾಗಿ ಡಾರ್ಸೆಟ್ಟಿನ ಕ್ರಾನ್‌ಬೋರ್ನ್ ಮ್ಯಾನರ್ ಸೇರಿ ಬೇರೆ ಬೇರೆ ಬಂಗಲೆಗಳನ್ನು ಜೋಡಿಸಿಕೊಂಡರು. ಬಣ್ಣ ಇದೆ, ಕಾಸಿನ ಕೊರತೆ ಇಲ್ಲ. ಆದರೂ 1940ರ ಆ ಮಿನಿಯೇಚರ್ ಮುಂದೆ ಸಪ್ಪೆ ಅನ್ನಿಸಿದರೆ ನನ್ನ ಮೇಲೆ ಸಿಟ್ಟಾಗಬೇಡಿ!

ಬಾಡಿಗೆ ಮನೆ ಬಿಡುವಾಗ ನಾವು ಏನೇನು ಒಯ್ಯುತ್ತೇವೆ? ಪಾತ್ರೆ, ಹಾಸಿಗೆ, ದೇವರ ಪಟ. ಗೋಡೆಗೆ ಹೊಡೆದ ಬಣ್ಣ ಬಿಟ್ಟು ಬರುತ್ತೇವೆ. ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಯನ್ನೂ ಬಿಟ್ಟು ಬರುತ್ತೇವೆ. ಡಾಫ್ನೆ ಸೂರನ್ನು ರಾಶ್ಲೀಯವರಿಗೆ ಬಿಟ್ಟಳು. ಅವರು ಅದರಲ್ಲಿ ಬಾಳುತ್ತಿದ್ದಾರೆ, ನ್ಯಾಯವೇ. ಮ್ಯಾಂಡರ್ಲೆಯನ್ನು ಮಾತ್ರ ಜೊತೆಗೆ ಒಯ್ದಳು. ಅದರ ಪತ್ರ ಯಾವ ರಿಜಿಸ್ಟ್ರಾರ್ ಕಚೇರಿಯಲ್ಲೂ ಇಲ್ಲ.

ಸಿಕ್ಕಿದರೆ ಹಳೆಯ 'ರೆಬೆಕಾ' ಇನ್ನೊಂದು ಸಲ ಹಾಕಿಕೊಂಡು ಮೊದಲ ಎರಡು ನಿಮಿಷ ಮಾತ್ರ ನೋಡಿ. ಬೆಳದಿಂಗಳು. ಕಬ್ಬಿಣದ ದೊಡ್ಡ ಗೇಟು, ಮುಚ್ಚಿದೆ. ಕ್ಯಾಮೆರಾ ನಿಲ್ಲೋದಿಲ್ಲ. ಕಂಬಿಗಳ ಸಂದಿಯಲ್ಲಿ ತೂರಿಕೊಂಡು ಒಳಗೆ ನುಗ್ಗುತ್ತೆ, ಗಿಡಗಂಟಿ ಬೆಳೆದ ದಾರಿಯಲ್ಲಿ ಸುತ್ತಿ ಸುತ್ತಿ ಹೋಗುತ್ತೆ. ಯಾರ ಅಪ್ಪಣೆಯನ್ನೂ ಕೇಳೋದಿಲ್ಲ.